ಹೊರವಲಯದ ಲೆಕ್ಕ ನೋಡಿದವರು

ಬೆಂಗಳೂರಿನ ಹೊರವಲಯದಲ್ಲಿ ಸರ್ಕಾರಿ ಲೆಕ್ಕದ ತಪಾಸಣೆ ಅಲ್ಲಿನ ಕಾರ್ಖಾನೆಗಳಿಗಿಂತ ಬಹಳ ಹಳೆಯದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಇಂದು ನಿಂತಿರುವ ನೆಲವೆಲ್ಲ ಹಿಂದೆ ಬೆಂಗಳೂರು ಉತ್ತರ, ದಕ್ಷಿಣ ಮತ್ತು ಆನೇಕಲ್ ತಾಲ್ಲೂಕುಗಳ ಸಾಧಾರಣ ಹಳ್ಳಿಗಳು. ಊರಿನ ಲೆಕ್ಕ ಶಾನುಭೋಗನದು, ಕಂದಾಯದ ವಸೂಲಿ ಪಟೇಲನದು. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಕೂತು ಆ ಪುಸ್ತಕಗಳನ್ನು ತಾಳೆ ನೋಡುವ ಕ್ರಮಕ್ಕೆ ಜಮಾಬಂದಿ ಎಂದು ಹೆಸರು. ಯಾವ ಜಮೀನು ಯಾರ ಸಾಗುವಳಿಯಲ್ಲಿದೆ, ಗೋಮಾಳ ಎಷ್ಟು, ಕೆರೆಯಂಗಳ ಎಲ್ಲಿಗೆ ಮುಗಿಯುತ್ತದೆ, ಗುಂಡುತೋಪಿನಲ್ಲಿ ಮರ ಉಳಿದಿವೆಯೇ ಎಂಬುದೆಲ್ಲ ಆ ತಪಾಸಣೆಗೆ ಒಳಪಡುತ್ತಿತ್ತು. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದರಿಂದ ಪಕ್ಷಪಾತಕ್ಕೂ ದಬ್ಬಾಳಿಕೆಗೂ ಧಾರಾಳ ಅವಕಾಶವಿತ್ತು. ಆದರೆ ಊರಿನ ನೆಲದ ನೆನಪು ಒಂದು ಕೈಯಲ್ಲಿ ಉಳಿಯುತ್ತಿತ್ತು ಎಂಬುದೂ ನಿಜ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಈ ಹುದ್ದೆಗಳು ಹೋಗಿ, ವರ್ಗಾವಣೆಯಾಗುವ ಸಂಬಳದ ಗ್ರಾಮಲೆಕ್ಕಿಗ ಬಂದ. ಇದಾದ ಮೂರೇ ವರ್ಷಕ್ಕೆ, 1966ರಲ್ಲಿ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಬಂದು, ಹಳ್ಳಿಯ ನೆಲವನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಕೆಐಎಡಿಬಿ ಎಂಬ ಮಂಡಳಿ ಹುಟ್ಟಿತು. ನೆಲ ಕೈ ಬದಲಾಯಿಸುವ ಕಾಲಕ್ಕೆ ಸರಿಯಾಗಿ ನೆಲದ ಲೆಕ್ಕ ಇಟ್ಟವರೂ ಬದಲಾದರು. ಮುಂದಿನ ಅರ್ಧ ಶತಮಾನದ ಬಹುಪಾಲು ವಿವಾದಗಳ ಬೇರು ಈ ಅವಧಿಯಲ್ಲಿದೆ.

ಮೇಲಿನ ಹಂತದ ಲೆಕ್ಕ ತಪಾಸಣೆಯ ದಾರಿ ಬೇರೆ. ಮೈಸೂರು ಸಂಸ್ಥಾನದ ಹಣಕಾಸು 1950ರ ಏಪ್ರಿಲ್‌ನಲ್ಲಿ ಕೇಂದ್ರದೊಂದಿಗೆ ಏಕೀಕರಣಗೊಂಡ ಮೇಲೆ ಮೈಸೂರಿನ ಲೆಕ್ಕವೂ ಸಂವಿಧಾನದ 148ನೇ ವಿಧಿಯಡಿ ನೇಮಕವಾಗುವ ಮಹಾಲೆಕ್ಕಪರಿಶೋಧಕರ, ಅಂದರೆ ಸಿಎಜಿಯ, ವ್ಯಾಪ್ತಿಗೆ ಬಂತು. ರಾಜ್ಯದಲ್ಲಿ ಅವರ ಪ್ರತಿನಿಧಿ ಮಹಾಲೇಖಪಾಲರು, ಜನರ ಮಾತಿನಲ್ಲಿ ಎಜಿ ಆಫೀಸು. ಈ ಇಲಾಖೆಯ ಹಿರಿಯ ಅಧಿಕಾರಿಗಳು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಿಂದ ಬಂದು ಶಿಮ್ಲಾದ ಅಕಾಡೆಮಿಯಲ್ಲಿ ತರಬೇತಿ ಪಡೆದವರು. ಅವರು ಒಂದು ರಾಜ್ಯಕ್ಕೆ ಸೇರಿದವರಲ್ಲ. ಕೆಲ ವರ್ಷ ಇಲ್ಲಿದ್ದು ಇನ್ನೊಂದು ರಾಜ್ಯಕ್ಕೋ ದೆಹಲಿಗೋ ಹೋಗುತ್ತಾರೆ. ಕಡತ ಬಿಚ್ಚಿ ಕೂರುವವರು ಕೆಳಗಿನ ಆಡಿಟರುಗಳು ಮತ್ತು ಇಲಾಖಾ ಪರೀಕ್ಷೆ ಪಾಸಾಗಿ ಮೇಲೆ ಬಂದ ಸಹಾಯಕ ಲೆಕ್ಕಪರಿಶೋಧನಾಧಿಕಾರಿಗಳು. ಅವರು ಬರೆದ ಆಕ್ಷೇಪಣೆಗೆ ಇಲಾಖೆಯ ಉತ್ತರ ಬರಬೇಕು, ತೃಪ್ತಿಕರವಾಗದಿದ್ದರೆ ಅದು ತಪಾಸಣಾ ವರದಿಯ ಪ್ಯಾರಾ ಆಗುತ್ತದೆ, ದೊಡ್ಡದಾದರೆ ವಿಧಾನಮಂಡಲದ ಮುಂದಿಡುವ ವರದಿ ಸೇರುತ್ತದೆ. ಅಲ್ಲಿಂದ ಮುಂದೆ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಪಾಲು. ಹಣ ವಸೂಲಿ ಮಾಡುವ, ಅಧಿಕಾರಿಯನ್ನು ಶಿಕ್ಷಿಸುವ ಅಧಿಕಾರ ಈ ಸರಪಳಿಯ ಯಾವ ಕೊಂಡಿಯಲ್ಲೂ ಲೆಕ್ಕಪರಿಶೋಧಕನಿಗೆ ಇಲ್ಲ. ಅವನ ಕೈಯಲ್ಲಿರುವುದು ಬರೆದಿಡುವ ಅಧಿಕಾರ.

ಹೊರವಲಯದ ಮೊದಲ ದೊಡ್ಡ ಕೈಗಾರಿಕೆಗಳಲ್ಲಿ ಹೆಚ್ಚಿನವು ಸರ್ಕಾರದವು. ಪೂರ್ವಕ್ಕೆ ದೂರವಾಣಿನಗರದ ಐಟಿಐ 1948ರಲ್ಲಿ, ಪಶ್ಚಿಮಕ್ಕೆ ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ, ಅದರ ಪಕ್ಕದ ಬಿಇಎಲ್ 1954ರಲ್ಲಿ ಆರಂಭವಾದವು. ಈ ಕಂಪನಿಗಳ ಲೆಕ್ಕ ನೋಡಲು ಸಿಎಜಿಯ ವಾಣಿಜ್ಯ ಲೆಕ್ಕಪರಿಶೋಧನಾ ವಿಭಾಗವೊಂದು ಬೆಂಗಳೂರಿನಲ್ಲೇ ನೆಲೆಗೊಂಡಿತು. ಜೊತೆಗೆ ಪ್ರತಿ ಉದ್ದಿಮೆಯಲ್ಲೂ ಮುಖ್ಯ ಜಾಗೃತಾಧಿಕಾರಿ ಎಂಬ ಹುದ್ದೆ ಬಂತು. ಸಾಮಾನ್ಯವಾಗಿ ಈ ಅಧಿಕಾರಿ ಆ ಕಂಪನಿಯವನಾಗಿರುವುದಿಲ್ಲ. ಪೊಲೀಸ್, ರೈಲ್ವೆ, ತೆರಿಗೆ, ಲೆಕ್ಕಪರಿಶೋಧನೆಯಂಥ ಸೇವೆಗಳಿಂದ ಕೆಲ ವರ್ಷಗಳ ಮಟ್ಟಿಗೆ ಎರವಲು ಬರುತ್ತಾನೆ. ಹೊರಗಿನವನಾದ್ದರಿಂದ ಯಾರ ಹಂಗೂ ಇರುವುದಿಲ್ಲ, ಒಳಗಿನ ಗುಟ್ಟು ತಿಳಿಯುವಷ್ಟರಲ್ಲಿ ಹೊರಡುವ ಕಾಲ ಬಂದಿರುತ್ತದೆ.

ಈ ಜಾಗೃತಾಧಿಕಾರಿಗಳ ಮೇಲಿನ ಸಂಸ್ಥೆ ಕೇಂದ್ರ ಜಾಗೃತ ಆಯೋಗ. ಕೆ. ಸಂತಾನಂ ಸಮಿತಿಯ ಶಿಫಾರಸಿನ ಮೇಲೆ 1964ರ ಫೆಬ್ರುವರಿಯಲ್ಲಿ ಅದು ಸ್ಥಾಪನೆಯಾದಾಗ ಮೊದಲ ಆಯುಕ್ತರಾದವರು ಕನ್ನಡಿಗರಾದ ನಿಟ್ಟೂರು ಶ್ರೀನಿವಾಸರಾವ್. 1903ರಲ್ಲಿ ಹುಟ್ಟಿದ ಅವರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಗಾಂಧೀವಾದಿ, ‘ಸತ್ಯಶೋಧನ’ ಎಂಬ ಪ್ರಕಾಶನ ನಡೆಸಿ ಕನ್ನಡ ಪುಸ್ತಕಲೋಕಕ್ಕೆ ದುಡಿದವರು. 1968ರವರೆಗೆ ಆ ಹುದ್ದೆಯಲ್ಲಿದ್ದರು. 2004ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಪೂರ್ವನಿದರ್ಶನವೇ ಇಲ್ಲದ ಹುದ್ದೆಗೆ ನ್ಯಾಯಾಧೀಶರ ಸಂಯಮವನ್ನು ಒದಗಿಸಿದ್ದು ಅವರ ದೊಡ್ಡ ಕೊಡುಗೆ. ಕರ್ನಾಟಕದಿಂದ ಇದೇ ದಾರಿಯಲ್ಲಿ ನಡೆದ ಇನ್ನೊಬ್ಬರು ಕೊಡಗಿನ ಸಿ.ಜಿ. ಸೋಮಯ್ಯ. ಒಡಿಶಾ ಕೇಡರಿನ ಐಎಎಸ್ ಅಧಿಕಾರಿಯಾಗಿದ್ದ ಅವರು ಕೇಂದ್ರ ಗೃಹ ಕಾರ್ಯದರ್ಶಿಯಾಗಿ, ಕೇಂದ್ರ ಜಾಗೃತ ಆಯುಕ್ತರಾಗಿ, ಬಳಿಕ 1990ರಿಂದ 1996ರವರೆಗೆ ಸಿಎಜಿಯಾಗಿ ಕೆಲಸ ಮಾಡಿದರು. ಜಾಗೃತಿ ಮತ್ತು ಲೆಕ್ಕಪರಿಶೋಧನೆ ಎರಡರ ಅತ್ಯುನ್ನತ ಹುದ್ದೆಯನ್ನೂ ಒಬ್ಬರೇ ನಿರ್ವಹಿಸಿದ್ದು ಅಪರೂಪ.

ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಗೆ ನೇರವಾಗಿ ತಾಗುವ ಹೆಸರು ಎನ್. ವಿಠಲ್ ಅವರದು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ನಗರವನ್ನು ಕಟ್ಟಲು ತೊಡಗಿತ್ತು. ಆದರೆ ಅದಕ್ಕೆ ಜೀವ ಬಂದದ್ದು 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ರೂಪುಗೊಂಡು, ಅದರ ಬೆಂಗಳೂರು ಕೇಂದ್ರ ಅಲ್ಲಿ ನೆಲೆಯಾದ ಮೇಲೆ. ಆಗ ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾರ್ಯದರ್ಶಿಯಾಗಿದ್ದ ವಿಠಲ್ ಈ ಯೋಜನೆಯ ಬೆನ್ನಿಗೆ ನಿಂತವರು. ಅವರೇ 1998ರಲ್ಲಿ ಕೇಂದ್ರ ಜಾಗೃತ ಆಯುಕ್ತರಾದರು. 2000ದಲ್ಲಿ, ಆಯೋಗ ಕ್ರಮಕ್ಕೆ ಶಿಫಾರಸು ಮಾಡಿದ್ದ ಹಿರಿಯ ಅಧಿಕಾರಿಗಳ ಹೆಸರುಗಳನ್ನು ಅವರು ಅಂತರ್ಜಾಲದಲ್ಲಿ ಪ್ರಕಟಿಸಿದಾಗ ದೇಶವೇ ತಿರುಗಿ ನೋಡಿತು. ಅಪ್ಪಣೆ, ಪರವಾನಗಿಗಳ ಗೋಜಲು ಕಡಿಮೆಯಾದಷ್ಟೂ ಲಂಚದ ಅವಕಾಶ ಕಡಿಮೆಯಾಗುತ್ತದೆ ಎಂಬ ಅವರ ನಿಲುವಿಗೆ ಎರಡೂ ಹುದ್ದೆಗಳ ಅನುಭವ ಆಧಾರವಾಗಿತ್ತು.

ವೈಟ್‌ಫೀಲ್ಡಿನ ಕಥೆ ಲೆಕ್ಕ ತಪಾಸಣೆಯ ದೃಷ್ಟಿಯಿಂದ ಹೆಚ್ಚು ಕುತೂಹಲದ್ದು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಬೆಳೆದ ಈ ಊರಿನ ಪಕ್ಕದಲ್ಲಿ 1990ರ ದಶಕದಲ್ಲಿ ಐಟಿ ಪಾರ್ಕ್ ಎದ್ದಿತು. ಸಿಂಗಪುರದ ಕಂಪನಿಗಳ ಕೂಟಕ್ಕೆ ಶೇ. 40, ಟಾಟಾಗೆ ಶೇ. 40, ಕೆಐಎಡಿಬಿ ಮೂಲಕ ರಾಜ್ಯಕ್ಕೆ ಶೇ. 20ರ ಪಾಲು. ಕಾನೂನಿನ ಪ್ರಕಾರ ಸರ್ಕಾರದ ಪಾಲು ಶೇ. 51 ಮುಟ್ಟಿದರೆ ಮಾತ್ರ ಅದು ಸರ್ಕಾರಿ ಕಂಪನಿ. ಹಾಗಾಗಿ ಕಿಯೋನಿಕ್ಸಿನ ಲೆಕ್ಕ ಸಿಎಜಿಯ ಮೇಜಿಗೆ ಬರುತ್ತದೆ, ಐಟಿ ಪಾರ್ಕಿನಂಥ ಜಂಟಿ ಕಂಪನಿಯದು ಬರುವುದಿಲ್ಲ. ಅಲ್ಲಿಗೆ ನೆಲ ಒದಗಿಸಿದ ಮಂಡಳಿಯ ಪುಸ್ತಕಗಳನ್ನು ನೋಡಬಹುದು, ಆ ನೆಲ ಮುಂದೆ ಏನಾಯಿತೆಂಬುದು ಲೆಕ್ಕಪರಿಶೋಧಕರ ಕಣ್ಣಿನಾಚೆಗೆ ಜಾರುತ್ತದೆ. ಖಾಸಗಿ ಪಾಲುದಾರಿಕೆ ಹೆಚ್ಚಿದಂತೆ ಸಾರ್ವಜನಿಕ ಆಸ್ತಿಯ ಲೆಕ್ಕದಲ್ಲಿ ಈ ಬಗೆಯ ಕುರುಡು ಜಾಗಗಳು ಹೆಚ್ಚಿದವು. ಎಲೆಕ್ಟ್ರಾನಿಕ್ ಸಿಟಿಯ ಬಳಿ ಹೊಸೂರು ರಸ್ತೆಯಿಂದ ಪೀಣ್ಯದಾಚೆಯ ತುಮಕೂರು ರಸ್ತೆಯವರೆಗೆ ಸುತ್ತುವ, ಖಾಸಗಿ ಕಂಪನಿ ಕಟ್ಟಿದ ನೈಸ್ ರಸ್ತೆ ಇನ್ನೊಂದು ಉದಾಹರಣೆ. 1997ರ ಒಪ್ಪಂದದಲ್ಲಿ 20 ಸಾವಿರಕ್ಕೂ ಹೆಚ್ಚು ಎಕರೆಯ ಮಾತಿತ್ತು. ಅದರ ಹೆಚ್ಚುವರಿ ಜಮೀನಿನ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು, ಟಿ.ಬಿ. ಜಯಚಂದ್ರ ಅಧ್ಯಕ್ಷತೆಯ ಸದನ ಸಮಿತಿ 2016ರಲ್ಲಿ ಅದರ ಬಗ್ಗೆ ಕಟು ವರದಿ ಕೊಟ್ಟಿತು.

ಕಾರ್ಖಾನೆಗಳು ಬಂದ ಕಡೆ ನೌಕರರ ಮನೆಗಳೂ ಬರಬೇಕಾಯಿತು, ಗೃಹನಿರ್ಮಾಣ ಸಹಕಾರ ಸಂಘಗಳು ಸಾಲುಸಾಲಾಗಿ ಹುಟ್ಟಿದವು. ನೌಕರರ ಹೆಸರಿನಲ್ಲಿ ರೈತರ ಜಮೀನು ಸ್ವಾಧೀನವಾಗಿ ಮಧ್ಯವರ್ತಿಗಳ ಪಾಲಾಗುತ್ತಿದೆ ಎಂಬ ದೂರುಗಳ ಮೇಲೆ 1980ರ ದಶಕದಲ್ಲಿ ಹಿರಿಯ ಅಧಿಕಾರಿ ಜಿ.ವಿ.ಕೆ. ರಾವ್ ವಿಚಾರಣೆ ನಡೆಸಿದರು. ಎಚ್‌ಎಂಟಿ ನೌಕರರ ಗೃಹನಿರ್ಮಾಣ ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನು ಸರ್ವೋಚ್ಚ ನ್ಯಾಯಾಲಯ 1995ರ ತೀರ್ಪಿನಲ್ಲಿ ಒಪ್ಪಲಿಲ್ಲ. ಸರ್ಕಾರದ ಅನುಮೋದನೆ ದೊರೆತದ್ದರಲ್ಲಿ ಮಧ್ಯವರ್ತಿಯ ಪಾತ್ರವನ್ನು ನ್ಯಾಯಪೀಠ ಎತ್ತಿ ತೋರಿಸಿತು. ಅಂಥ ಸಂಘಗಳ ಲೆಕ್ಕ ನೋಡುವುದು ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ವಿಭಾಗದ ಕೆಲಸ, ಹೊರಗಿನವರಿಗೆ ಹೆಸರೂ ಗೊತ್ತಿಲ್ಲದ ವಿಭಾಗ. ಆ ವಿಭಾಗದ ಉಪನಿರ್ದೇಶಕರಾಗಿ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಪರಿಶೀಲಿಸಿದ್ದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರ ಮೇಲೆ 2012ರ ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಮಾರಣಾಂತಿಕ ಹಲ್ಲೆ ನಡೆಯಿತು. ಕೆಲವೇ ದಿನಗಳಲ್ಲಿ ಅವರು ಆಸ್ಪತ್ರೆಯಲ್ಲಿ ಅಸುನೀಗಿದರು. ರಾಜ್ಯದ ಲೆಕ್ಕಪರಿಶೋಧನೆಯ ಚರಿತ್ರೆಯಲ್ಲಿ ಈ ಹೆಸರನ್ನು ಮರೆಯುವುದು ಅನ್ಯಾಯ.

ದೂರು ಕೇಳಿ ಕ್ರಮ ಜರುಗಿಸುವ ಸಂಸ್ಥೆಯಾಗಿ ರಾಜ್ಯದಲ್ಲಿ ಲೋಕಾಯುಕ್ತ ಬಂದದ್ದು 1984ರ ಕಾಯ್ದೆಯಿಂದ. ಅದು 1986ರಲ್ಲಿ ಕೆಲಸ ಆರಂಭಿಸಿತು. ಹದಿನೈದು ವರ್ಷ ಅದರ ಹೆಸರು ಜನರ ಬಾಯಲ್ಲಿ ಹೆಚ್ಚಾಗಿ ಓಡಾಡಲಿಲ್ಲ. 2001ರಲ್ಲಿ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅದನ್ನು ಕಚೇರಿಯಿಂದ ಹೊರಗೆ ತಂದರು. ಮುಳಬಾಗಿಲು ತಾಲ್ಲೂಕಿನ ಮಿಟ್ಟೂರಿನವರಾದ ಅವರು ಸರ್ವೋಚ್ಚ ನ್ಯಾಯಾಲಯದಿಂದ ನಿವೃತ್ತರಾದವರು. ಆಸ್ಪತ್ರೆ, ತಾಲ್ಲೂಕು ಕಚೇರಿ, ಸಾರಿಗೆ ಕಚೇರಿಗಳಿಗೆ ಹೇಳದೆ ಕೇಳದೆ ಹೋಗಿ ನಿಲ್ಲುತ್ತಿದ್ದರು, ಜನರ ಎದುರಲ್ಲೇ ಕಡತ ತರಿಸುತ್ತಿದ್ದರು. 2006ರಲ್ಲಿ ಬಂದ ಎನ್. ಸಂತೋಷ್ ಹೆಗ್ಡೆ, ಕಾರ್ಕಳದ ನಿಟ್ಟೆಯವರು, ದಾಖಲೆಗಳ ಮೇಲೆ ನಿಂತು 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದರಿಂದ ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. 2015ರಲ್ಲಿ ಸಂಸ್ಥೆಯ ಒಳಗೇ ಸುಲಿಗೆಯ ಆರೋಪ ಕೇಳಿಬಂದು ಆಗಿನ ಲೋಕಾಯುಕ್ತರು ಹುದ್ದೆ ಬಿಟ್ಟರು. 2016ರಲ್ಲಿ ತನಿಖೆಯ ಅಧಿಕಾರ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋಯಿತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಒಂದು ಸಂಸ್ಥೆಯ ಗೌರವ ಅದರ ಮುಖ್ಯಸ್ಥನ ನಡತೆಯೊಂದಿಗೆ ಇಷ್ಟು ಬಿಗಿಯಾಗಿ ಏರಿಳಿದದ್ದು ಒಳ್ಳೆಯ ಲಕ್ಷಣವಲ್ಲ.

ಹೊರವಲಯದ ನೆಲದ ಲೆಕ್ಕವನ್ನು ಇಡಿಯಾಗಿ ಕೈಗೆತ್ತಿಕೊಂಡವರು ಇಬ್ಬರು. ಶಾಸಕ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2005ರಿಂದ 2007ರವರೆಗೆ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನುಗಳ ಒತ್ತುವರಿಯನ್ನು ಸರ್ವೆ ನಂಬರಿನ ಸಮೇತ ಹುಡುಕಿತು. ಗೋಮಾಳ, ಖರಾಬು, ಕೆರೆಯಂಗಳ, ರಾಜಕಾಲುವೆಗಳು ಬಡಾವಣೆಯಾಗಿರುವುದನ್ನೂ, ಮಂಜೂರಾತಿ ಪತ್ರಗಳನ್ನೇ ನಕಲಿಯಾಗಿ ಸೃಷ್ಟಿಸಿರುವುದನ್ನೂ ಅದು ದಾಖಲಿಸಿತು. ಅದರ ಮುಂದುವರಿಕೆಯಂತೆ ಸರ್ಕಾರ ರಚಿಸಿದ ಸಾರ್ವಜನಿಕ ಜಮೀನು ರಕ್ಷಣಾ ಕಾರ್ಯಪಡೆಗೆ ವಿ. ಬಾಲಸುಬ್ರಮಣಿಯನ್ ಅಧ್ಯಕ್ಷರಾದರು. ಅಪರ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾಗಿದ್ದ ಈ ಐಎಎಸ್ ಅಧಿಕಾರಿಗೆ ಕಂದಾಯ ಕಡತದ ಸಂದುಗೊಂದುಗಳು ಪರಿಚಿತ. ರಾಜ್ಯದಲ್ಲಿ 11 ಲಕ್ಷಕ್ಕೂ ಹೆಚ್ಚು ಎಕರೆ ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದು ಅವರ 2011ರ ವರದಿ ಲೆಕ್ಕ ಹಾಕಿತು. ಮುದ್ರಣಕ್ಕೆ ಬಂದ ಆ ವರದಿಯ ಶೀರ್ಷಿಕೆಯಲ್ಲೇ ದುರಾಸೆ ಮತ್ತು ಶಾಮೀಲುತನ ಎಂಬ ಆರೋಪವಿತ್ತು. ಒತ್ತುವರಿದಾರರಷ್ಟೇ ಅಧಿಕಾರಿಗಳನ್ನೂ ಅದು ಹೊಣೆ ಮಾಡಿತು. ಇಬ್ಬರ ಕೆಲಸದ ಫಲವಾಗಿ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, 2016ರಲ್ಲಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಆರಂಭವಾಯಿತು. ಶಾನುಭೋಗನ ಕಾಲದ ಹಳ್ಳಿ ನಕ್ಷೆ, ಖರಾಬಿನ ದಾಖಲೆಗಳು ಅಲ್ಲಿ ಮತ್ತೆ ಸಾಕ್ಷ್ಯವಾಗಿ ಬೆಲೆ ಪಡೆದವು.

ಸಿಎಜಿಯ ಲೆಕ್ಕಪರಿಶೋಧನೆಯೂ ಇದೇ ಅವಧಿಯಲ್ಲಿ ರೂಪ ಬದಲಾಯಿಸಿತು. ರಸೀದಿ, ವೋಚರುಗಳ ತಾಳೆಯಿಂದ ಮುಂದೆ ಹೋಗಿ, ಯೋಜನೆಯ ಉದ್ದೇಶ ಈಡೇರಿತೇ ಎಂದು ಕೇಳುವ ಕಾರ್ಯಕ್ಷಮತೆಯ ತಪಾಸಣೆ ಮುಖ್ಯವಾಯಿತು. 2015ರಲ್ಲಿ ಕೆರೆಗಳ ಸಂರಕ್ಷಣೆಯ ಬಗ್ಗೆ, 2021ರಲ್ಲಿ ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ಬಂದ ವರದಿಗಳು ಈ ಬಗೆಯವು. ಎರಡನೆಯದು ಹೊರವಲಯದ ಮಟ್ಟಿಗೆ ಬಹಳ ಮುಖ್ಯ. 1800ರ ಆಸುಪಾಸಿನಲ್ಲಿ 35 ಟಿಎಂಸಿ ನೀರು ಹಿಡಿಯುವ 1,452 ಜಲಮೂಲಗಳಿದ್ದ ಪ್ರದೇಶದಲ್ಲಿ 2016ಕ್ಕೆ 5 ಟಿಎಂಸಿಯ 194 ಉಳಿದಿದ್ದವು ಎಂದು ಅದು ಬರೆಯಿತು. ಪೀಣ್ಯದ ನೀರು ಹರಿಯುವ ವೃಷಭಾವತಿ ಕಣಿವೆಯಲ್ಲಿ 226 ಕಿಲೋಮೀಟರಿನಷ್ಟಿದ್ದ ಕಾಲುವೆಗಳು 112 ಕಿಲೋಮೀಟರಿನ ಆಸುಪಾಸಿಗೆ ಇಳಿದದ್ದನ್ನೂ, ಬೆಳ್ಳಂದೂರಿನತ್ತ ಹರಿಯುವ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರ್ ಕಾಲುವೆ 63ಕ್ಕೆ ಕುಗ್ಗಿದ್ದನ್ನೂ ಅದು ಲೆಕ್ಕ ಕೊಟ್ಟು ತೋರಿಸಿತು. ಮರುವರ್ಷ, 2022ರ ಸೆಪ್ಟೆಂಬರಿನ ಮಳೆಗೆ, ಬೆಳ್ಳಂದೂರು, ಮಹದೇವಪುರ, ವೈಟ್‌ಫೀಲ್ಡ್ ಸುತ್ತಲಿನ ಬಡಾವಣೆಗಳಲ್ಲೂ ಐಟಿ ಕಚೇರಿಗಳ ಅಂಗಳದಲ್ಲೂ ನೀರು ನಿಂತು, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಆ ನೀರು ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ಹರಿಯಬೇಕಿತ್ತು ಎಂಬುದನ್ನು ಲೆಕ್ಕಪರಿಶೋಧಕರು ಅಷ್ಟರಲ್ಲೇ ಬರೆದು ವಿಧಾನಮಂಡಲಕ್ಕೆ ಒಪ್ಪಿಸಿ ಆಗಿತ್ತು.