ಕ್ಷೌರದ ಕತ್ತರಿ: ಹಿಡಿಯುವ ರೀತಿ, ಕಾಪಾಡುವ ರೀತಿ

ಹನ್ನೂರ (ತಾ. ಅಕ್ಕಲಕೋಟ): ಕನ್ನಡದಲ್ಲಿ ಕತ್ತರಿ, ಮರಾಠಿಯಲ್ಲಿ ಕಾತ್ರಿ. ಹೆಸರು ಯಾವುದೇ ಇರಲಿ, ಹಿಡಿಯುವ ರೀತಿ ತಪ್ಪಿದರೆ ಗಿರಾಕಿಯ ಕಿವಿಗೆ ಗಾಯ, ಕತ್ತರಿಸುವವನ ಕೈಗೆ ನೋವು.

ಗಡಿಭಾಗದ ಹಳ್ಳಿಗಳಲ್ಲಿ ಈ ಕಾಯಕ ಹಳೆಯದು. ಕನ್ನಡ ಮಾತಾಡುವ ಹಡಪದ ಬಂಧುಗಳು 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನವರನ್ನು, ಮರಾಠಿ ಮಾತಾಡುವ ನ್ಹಾವಿ ಬಂಧುಗಳು ಸಂತ ಸೇನಾ ಮಹಾರಾಜರನ್ನು ಸ್ಮರಿಸುತ್ತಾರೆ. ಬಾರಾ ಬಲುತೆದಾರರಲ್ಲಿ ಒಬ್ಬರಾಗಿದ್ದ ಇವರಿಗೆ ಸುಗ್ಗಿಯಲ್ಲಿ ರೈತರು ಅಳೆದು ಕೊಡುವ ಕಾಳೇ ಕೂಲಿಯಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದ ಕಟಿಂಗ್ ಅಂಗಡಿಗಳು ಮುಚ್ಚಿದವು. ಜೂನ್ 28ರಿಂದ ಕೂದಲು ಕತ್ತರಿಸಲು ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಅಪ್ಪಂದಿರೇ ಮಕ್ಕಳ ತಲೆಗೆ ಕತ್ತರಿ ಹಿಡಿದರು. ಹೊಸದಾಗಿ ಕಲಿಯುವವರಿಗೂ ಮನೆಯವರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಹಿಡಿತ

ಕತ್ತರಿಯ ಒಂದು ಅಲಗು ನಿಂತಿರಬೇಕು, ಇನ್ನೊಂದು ಮಾತ್ರ ಆಡಬೇಕು. ಇದೇ ಮುಖ್ಯ ಸೂತ್ರ. ಉಂಗುರ ಬೆರಳನ್ನು ಒಂದು ಬಳೆಯಲ್ಲಿ ಹಾಕಿ, ಕಿರುಬೆರಳನ್ನು ಅದರ ಹಿಂದಿನ ಕೊಕ್ಕೆಯ ಮೇಲೆ ಇಡಬೇಕು. ತೋರುಬೆರಳು, ನಡುಬೆರಳು ಹಿಡಿಯ ಮೇಲೆ ಒರಗಿರಲಿ. ಹೆಬ್ಬೆರಳಿನ ತುದಿಯಷ್ಟೇ ಇನ್ನೊಂದು ಬಳೆಯಲ್ಲಿರಲಿ. ಗಂಟಿನವರೆಗೆ ತೂರಿಸಿದರೆ ಇಡೀ ಕೈ ಅಲುಗಾಡುತ್ತದೆ, ಮಣಿಕಟ್ಟು ನೋಯುತ್ತದೆ. ಕನ್ನಡಿಯ ಮುಂದೆ ದಿನಾ ಹತ್ತು ನಿಮಿಷ ಬರೀ ಗಾಳಿಯಲ್ಲಿ ಕತ್ತರಿ ಆಡಿಸಿ ರೂಢಿ ಮಾಡಿಕೊಳ್ಳಬೇಕು.

ಕಲಿಯುವವರಿಗೆ ಐದರಿಂದ ಐದೂವರೆ ಇಂಚಿನ ಕತ್ತರಿ ಅನುಕೂಲ. ಹಣಿಗೆಯ ಮೇಲೆ ಕೂದಲು ಕತ್ತರಿಸಲು ಆರು, ಏಳು ಇಂಚಿನದು ಬೇಕು. ಎಡಗೈಯವರು ಎಡಗೈಗೆಂದೇ ಮಾಡಿದ ಕತ್ತರಿಯನ್ನು ಕೊಳ್ಳಬೇಕು.

ಕತ್ತರಿಸುವಾಗ

ಕೂದಲನ್ನು ಹಣಿಗೆಯಿಂದ ಎತ್ತಿ, ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ನಡುವೆ ಹಿಡಿದು, ಬೆರಳಿನ ಆಚೆ ಉಳಿದದ್ದನ್ನು ಕತ್ತರಿಸಬೇಕು. ಬಾಚುವಾಗ ಹೆಬ್ಬೆರಳು ಹೊರತೆಗೆದು, ಕತ್ತರಿ ಮುಚ್ಚಿ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ತೆರೆದ ಕತ್ತರಿ ಹಿಡಿದು ಬಾಚಿದರೆ ಅಪಾಯ.

ಒದ್ದೆ ಕೂದಲು ಒಣಗಿದ ಮೇಲೆ ಗಿಡ್ಡವಾಗಿ ಕಾಣುತ್ತದೆ. ಗುಂಗುರು ಕೂದಲಂತೂ ಇನ್ನೂ ಮೇಲೇರುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಉದ್ದ ಬಿಟ್ಟು, ಆಮೇಲೆ ಸರಿಮಾಡುವುದು ಒಳ್ಳೆಯದು. ಕಿವಿಯ ಸುತ್ತ ಕತ್ತರಿಸುವಾಗ ಕಿವಿಯನ್ನು ಬೆರಳಿನಿಂದ ಮಡಚಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಮಗು ತಲೆ ಅಲ್ಲಾಡಿಸಿದರೆ ಕತ್ತರಿ ಮುಚ್ಚಿ ಕಾಯಬೇಕು. ಹಲ್ಲಿನ ಕತ್ತರಿ ದಟ್ಟ ಕೂದಲು ತೆಳುಮಾಡಲು ಮಾತ್ರ; ಬುಡದ ಹತ್ತಿರ, ಒಂದೇ ಜಾಗದಲ್ಲಿ ಪದೇ ಪದೇ ಆಡಿಸಬಾರದು.

ಆರೈಕೆ

ಈ ಕತ್ತರಿಯಿಂದ ಕೂದಲು ಬಿಟ್ಟು ಬೇರೇನನ್ನೂ ಕತ್ತರಿಸಬಾರದು. ಶಾಂಪೂ ಪಾಕೀಟು, ಕಾಗದ, ದಾರ ಕತ್ತರಿಸಿದರೆ ಅಲಗು ಮೊಂಡಾಗಿ, ಕೂದಲು ಜಗ್ಗತೊಡಗುತ್ತದೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಮೀರತ್ ಕತ್ತರಿಗಳನ್ನು ದರ್ಜಿಗಳು ಮತ್ತೆ ಮತ್ತೆ ಸಾಣೆ ಹಿಡಿಸಿ ವರ್ಷಗಟ್ಟಲೆ ಬಳಸುತ್ತಾರೆ. ಆದರೆ ಉಬ್ಬಿದ ಅಂಚಿನ ನಯವಾದ ಕ್ಷೌರದ ಕತ್ತರಿಯನ್ನು ಬೀದಿಯ ಸಾಣೆಗಾಲಿಗೆ ಕೊಟ್ಟರೆ ಅಂಚು ಹೋಗುತ್ತದೆ. ಅದನ್ನು ಬಲ್ಲವರಿಗೇ ಕೊಡಬೇಕು.

ದಿನದ ಕೊನೆಗೆ ಒರೆಸಿ, ತಿರುಪಿನ ಬಳಿ ಒಂದು ಹನಿ ಮಷಿನ್ ಎಣ್ಣೆ ಬಿಡಬೇಕು. ಬಿಗಿ ನೋಡಲು ಒಂದು ಬಳೆ ಹಿಡಿದು, ಇನ್ನೊಂದನ್ನು ಅಗಲವಾಗಿ ತೆರೆದು ಕೈಬಿಡಬೇಕು. ಪೂರ್ತಿ ಮುಚ್ಚಿಕೊಂಡರೆ ಸಡಿಲ. ಸ್ವಲ್ಪವೂ ಕದಲದಿದ್ದರೆ ಅತಿ ಬಿಗಿ.

ಸ್ವಚ್ಛತೆ

ಎಲ್ಲಕ್ಕಿಂತ ಮುಖ್ಯ ವಿಷಯ ಇದು. ಹೆಪಟೈಟಿಸ್ ಬಿ ರೋಗಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಹುದು. ಪ್ರತಿ ಗಿರಾಕಿಯ ನಂತರ ಕತ್ತರಿಯನ್ನು ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಶೇ. 70ರ ಸ್ಪಿರಿಟ್ ಹಚ್ಚಿ ತಾನಾಗಿ ಆರಲು ಬಿಡಬೇಕು. ಸ್ಪಿರಿಟ್ ಬೆಂಕಿಯಿಂದ ದೂರವಿರಲಿ. ಗಾಯವಾದರೆ ಕೆಲಸ ನಿಲ್ಲಿಸಿ, ಸ್ವಚ್ಛ ಬಟ್ಟೆಯಿಂದ ಒತ್ತಿಹಿಡಿಯಬೇಕು. ಆ ಕತ್ತರಿ ಶುಚಿಯಾಗುವವರೆಗೆ ಇನ್ನೊಬ್ಬರಿಗೆ ಬಳಸಬಾರದು. ದಾಡಿಗೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಬೇಕು. ಗಿರಾಕಿಗಳೂ ಇದನ್ನು ಕೇಳಲು ಸಂಕೋಚಪಡಬೇಕಿಲ್ಲ.