ಭಿತ್ತಿಪತ್ರ

ಸಂಸ್ಕೃತದ ‘ಭಿತ್ತಿ’ ಹುಟ್ಟಿದ್ದು ಸೀಳುವುದು ಎಂಬರ್ಥದ ‘ಭಿದ್’ ಧಾತುವಿನಿಂದ. ಸೀಳಿದ ಜೊಂಡಿನ ಚಾಪೆ, ಅಡ್ಡತಟ್ಟಿ, ಗೋಡೆ ಎಂದೆಲ್ಲ ಇದಕ್ಕೆ ಅರ್ಥಗಳಿವೆ. ಮುಂಬಯಿಯ ಉಪನಗರ ಭಾಂಡುಪಿನಲ್ಲಿ ನನ್ನ ಮರಾಠಿ ನೆರೆಯವರು ಗೋಡೆಗೆ ಹೇಳುವ ‘ಭಿಂತ್’ ಇದರದೇ ಕುಡಿ. ಅವರ ‘ಭಿತ್ತಿಪತ್ರಕ’ವೇ ನಮ್ಮ ಭಿತ್ತಿಪತ್ರ. ಆಡುಮಾತಿನಲ್ಲಿ ಮಾತ್ರ ಪೋಸ್ಟರ್, ಇಲ್ಲವೇ ವಾಲ್‌ಪೋಸ್ಟರ್.

ಸಿನಿಮಾ ಭಿತ್ತಿಪತ್ರದ ಸೊಗಸು ತಿಳಿಯಬೇಕಾದರೆ ಮುಂಬಯಿಯ ರಾಮ್ಸೆ ಸಹೋದರರ ದೆವ್ವದ ಚಿತ್ರಗಳನ್ನು ನೆನೆಯಬೇಕು: ‘ಪುರಾನಾ ಮಂದಿರ್’ (1984), ‘ವೀರಾನಾ’ (1988). ಕಡಿಮೆ ಖರ್ಚು, ದೊಡ್ಡ ತಾರೆಯರಿಲ್ಲ. ಜನರನ್ನು ಟಿಕೆಟ್ ಕಿಟಕಿಗೆ ಎಳೆದು ತರುವ ಹೊಣೆಯೆಲ್ಲ ಗೋಡೆಯದು. ಹಾಗಾಗಿ ಕಲಾವಿದ ಕುಂಚಕ್ಕೆ ಕಡಿವಾಣ ಹಾಕಲಿಲ್ಲ. ಕೆಂಪು ಕಣ್ಣು, ಕೋರೆಹಲ್ಲು, ಬೆದರಿದ ಹೆಣ್ಣುಮುಖ ಎಲ್ಲವೂ ಒಂದೇ ಹಾಳೆಯಲ್ಲಿ. ಬೆಳ್ಳಿ ಮುಖವಾಡದ ಕುಸ್ತಿಪಟು ಎಲ್ ಸಾಂತೊ ರಕ್ತಪಿಶಾಚಿ ಹೆಂಗಸರೊಡನೆ ಸೆಣಸಿದ 1962ರ ಮೆಕ್ಸಿಕೊ ಚಿತ್ರವೂ ಇದೇ ಬಳಗದ್ದು. ಎಷ್ಟೋ ಸಲ ಚಿತ್ರಕ್ಕಿಂತ ಅದರ ಭಿತ್ತಿಪತ್ರವೇ ಮಿಗಿಲು ಎಂಬುದು ನನ್ನ ಗಟ್ಟಿ ನಂಬಿಕೆ. ಸಂಗ್ರಾಹಕರು ಇಂದು ಅವನ್ನು ಹುಡುಕಿ ಕೊಳ್ಳುವುದು ನ್ಯಾಯವೇ.

ಬಳಸುವಾಗ ಒಂದು ಎಚ್ಚರ: ಗೋಡೆಯ ಮೈಮೇಲೆಯೇ ಬರೆದದ್ದು ಭಿತ್ತಿಚಿತ್ರ, ಕಾಗದದಲ್ಲಿ ಅಚ್ಚಾಗಿ ಅಂಟಿಸಿಕೊಂಡದ್ದು ಭಿತ್ತಿಪತ್ರ.