ತನಿ ಶುರುವಾದಾಗ ಎದ್ದು ಹೋಗಬೇಡಿ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದ್ದೀರಾ? ಇಂಥ ಯಾವ ಕಚೇರಿಯಲ್ಲಾದರೂ ಒಂದು ವಿಷಯ ಗಮನಿಸಿ. ಹಾಡುಗಾರರು ನಿಲ್ಲಿಸಿ ಮೃದಂಗ, ಘಟದವರ ತನಿ ಆವರ್ತನ ಶುರುವಾದ ತಕ್ಷಣ ಒಂದಷ್ಟು ಜನ ಕಾಫಿಗೆ ಏಳ್ತಾರೆ. ಆ ವಾದ್ಯಗಳಿಗೆ ನಾವು ಇಟ್ಟಿರೋ ಹೆಸರೇ ನೋಡಿ: ಪಕ್ಕವಾದ್ಯ.

ಆ ಪಕ್ಕದವರು ಮುಂದೆ ಬಂದು ಕೂತ ಕಥೆ ಇವತ್ತಿನದು. ಅದರಲ್ಲಿ ಒಬ್ಬ ಜಾಝ್ ಕಲಾವಿದರೂ ಇದ್ದಾರೆ.

1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಹೆಸರೇ ಹೇಳೋ ಹಾಗೆ, ತಾಳವಾದ್ಯಗಳ ಶಾಲೆ.

ಅತ್ತ ಅಮೆರಿಕದಲ್ಲಿ ಚಾರ್ಲಿ ಮರಿಯಾನೊ. 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ. ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವರು, ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪಾಠ ಮಾಡಿದವರು. ಅಷ್ಟೆಲ್ಲ ಆದಮೇಲೆ, ನಲವತ್ತು ದಾಟಿದಾಗ, ಮತ್ತೆ ಶಿಷ್ಯನಾಗಿ ನಾಗಸ್ವರ ಕಲಿಯೋಕೆ ಕೂತರು. ಮುಂದೆ ಮಣಿಯವರ ತಂಡದ ಜೊತೆಗೂಡಿದರು.

ಇವರಿಬ್ಬರಿಗೂ ಹೊಂದಿದ್ದು ಹೇಗೆ? ಜಾಝ್‌ನಲ್ಲಿ ಒಬ್ಬರು ನಾಲ್ಕು ಬಾರ್ ನುಡಿಸಿದರೆ, ಡ್ರಮ್ಮರ್ ಮುಂದಿನ ನಾಲ್ಕು ಬಾರ್‌ನಲ್ಲಿ ಉತ್ತರ ಕೊಡ್ತಾರೆ. ತನಿಯಲ್ಲೂ ಅದೇ: ಮೃದಂಗ ಎರಡು ಆವರ್ತ, ಘಟ ಎರಡು, ಆಮೇಲೆ ಒಂದೊಂದು, ಆಮೇಲೆ ಅರ್ಧರ್ಧ. ಕೊನೆಗೆ ಎಲ್ಲರೂ ಒಟ್ಟಿಗೆ.

ವ್ಯತ್ಯಾಸವೂ ಇದೆ. ಜಾಝ್‌ನವರು ಬದಲಾಗುತ್ತಾ ಹೋಗುವ ಕಾರ್ಡ್‌ಗಳ ಮೇಲೆ ಕಣ್ಣಿಟ್ಟಿರಬೇಕು. ನಮ್ಮವರಿಗೆ ಲೆಕ್ಕ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರ. ಅಕ್ಷರಕ್ಕೆ 4 ಮಾತ್ರೆಯಂತೆ 32. ಹತ್ತು ಮಾತ್ರೆಯ ಒಂದು ಜತಿ ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು: 10, 1, 10, 1, 10. ಬಿ.ಕಾಂ. ಓದಿದ ನನಗೆ ಇದು ಪಕ್ಕಾ ಟ್ಯಾಲಿ! ಒಂದು ಮಾತ್ರೆ ತಪ್ಪಿದರೂ ವೇದಿಕೆ ಮೇಲೆ ಸಿಕ್ಕಿಬೀಳ್ತೀರಿ. ಹಾಗಾಗಿ ಕೈಗಿಂತ ಮೊದಲು ಕಿವಿ ಕೆಲಸ ಮಾಡಬೇಕು.

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್‌ವಿಗ್ಸ್‌ಬುರ್ಗ್‌ನಲ್ಲಿ ಅವರ ‘ಜ್ಯೋತಿ’ ಆಲ್ಬಮ್ ರೆಕಾರ್ಡ್ ಆಯ್ತು. ಹೊರತಂದದ್ದು ಇ.ಸಿ.ಎಂ. ಕಂಪನಿ. ಆರ್.ಎ. ರಮಾಮಣಿ ಅವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ಕೀಬೋರ್ಡ್ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ.

ಫ್ಯೂಷನ್ ಅಂದ್ರೆ ಕಲಬೆರಕೆ ಅನ್ನೋರು ನಮ್ಮಲ್ಲಿ ತುಂಬಾ ಜನ. ಎಷ್ಟೋ ಸಲ ಅದು ನಿಜವೂ ಹೌದು: ಮೇಲೆ ಒಂದು ರಾಗ, ಕೆಳಗೆ ಒಂದು ಬೀಟ್, ಇಬ್ಬರಿಗೂ ಪರಸ್ಪರ ಪರಿಚಯವೇ ಇರಲ್ಲ. ‘ಜ್ಯೋತಿ’ ಹಾಗಲ್ಲ. ಹೆಸರಾಂತ ಸ್ಯಾಕ್ಸೊಫೋನ್ ವಾದಕ ಇಲ್ಲಿ ಐವರಲ್ಲಿ ಒಬ್ಬರು, ಅಷ್ಟೇ. ತಾನು ಸುಮ್ಮನಿದ್ದು ರಮಾಮಣಿಯವರಿಗೆ, ಘಟಕ್ಕೆ, ಖಂಜಿರಕ್ಕೆ ಜಾಗ ಬಿಡ್ತಾರೆ. ನನ್ನ ಪ್ರಕಾರ ಅವರ ಅಷ್ಟು ವರ್ಷದ ಕಲಿಕೆ ಕಾಣೋದು ಅಲ್ಲೇ.

ಮರಿಯಾನೊ 2009ರಲ್ಲಿ ತೀರಿಕೊಂಡರು. ಆಲ್ಬಮ್ ನಿಮ್ಮ ಫೋನಿಗೆ ಸಿಕ್ಕರೆ, ಇಯರ್‌ಫೋನ್ ಹಾಕಿಕೊಂಡು ಒಂದು ಸಲ ಸ್ಯಾಕ್ಸೊಫೋನ್ ಬಿಟ್ಟು ಬರೀ ಖಂಜಿರವನ್ನೇ ಹಿಂಬಾಲಿಸಿ. ಮುಂದಿನ ರಾಮನವಮಿ ಕಚೇರಿಯಲ್ಲಿ ತನಿ ಶುರುವಾದಾಗ, ಕಾಫಿ ಹತ್ತು ನಿಮಿಷ ಕಾಯಲಿ.